ಜಾಲರಿಯ ಮೇಲೆ ನಿಂತವಳು

ನಗರಸಭೆಯ ವಾಹನಗಳ ಅಂಗಳದಲ್ಲಿ ಅವಳ ನಿಜವಾದ ಹೆಸರು ಕೇಳಿಬರುತ್ತಿದ್ದುದು ಸಂಬಳದ ದಿನ ಮಾತ್ರ. ಉಳಿದೆಲ್ಲ ದಿನ ಎಲ್ಲರಿಗೂ ಅವಳು ಕೆಂಡಕ್ಕ. ಕಸದ ಲಾರಿ, ನೀರಿನ ಟ್ಯಾಂಕರು, ರಸ್ತೆ ಗುಡಿಸುವ ಯಂತ್ರ, ಹೆಣ ಸಾಗಿಸುವ ವ್ಯಾನು, ಇವನ್ನೆಲ್ಲ ತೊಳೆದು, ಆಯಿಲ್ ಬದಲಿಸಿ, ಮರುದಿನದ ಕೆಲಸಕ್ಕೆ ಸಜ್ಜು ಮಾಡುವ ವಿಭಾಗದ ಮೇಲ್ವಿಚಾರಣೆ ಅವಳದು. ಚಾಲಕರಿಗೆ ಅವಳನ್ನು ಕಂಡರೆ ಹೆದರಿಕೆ. ಆಯಿಲ್ ಸೋರುವ ಲಾರಿಯನ್ನು ಯಾರಾದರೂ ತಂದು ನಿಲ್ಲಿಸಿ ಸದ್ದಿಲ್ಲದೆ ಜಾರಿಕೊಳ್ಳಲು ನೋಡಿದರೆ ಗೇಟಿನವರೆಗೂ ಬೆನ್ನಟ್ಟಿ ಬರುತ್ತಿದ್ದಳು. "ನಿಮ್ಮನೆ ಅಡುಗೆಮನೇಲೂ ಹೀಗೇ ಸುರಿಸಿ ಬರ್ತೀಯಾ? ಬಾ ಇಲ್ಲಿ, ಕೆಳಗೆ ತಟ್ಟೆ ಇಟ್ಟು ಹೋಗು" ಎಂದು ತೋಳು ಹಿಡಿದು ಎಳೆದು ತರುತ್ತಿದ್ದಳು. ಎಲ್ಲರ ಕೋಪ ಮೂಗಿನ ತುದಿಯಲ್ಲಿದ್ದರೆ ಇವಳದು ಮೂಗನ್ನೂ ದಾಟಿ ಒಂದು ಮಾರು ಮುಂದಿರುತ್ತದೆ ಎಂದು ಟಯರ್ ಶೆಡ್ಡಿನವರು ನಗುತ್ತಿದ್ದರು. ಆ ನಗುವೂ ಅವಳು ಆಚೆ ಹೋದ ಮೇಲೆಯೇ.

ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಅವನು ಅದೇ ಅಂಗಳದಲ್ಲಿ ಕಸದ ಲಾರಿ ಓಡಿಸುತ್ತಿದ್ದ, ನೌಕರಿಯಲ್ಲಿದ್ದಾಗಲೇ ತೀರಿಕೊಂಡ. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಮಗಳು ಅಪ್ಪನ ಜಾಗಕ್ಕೆ ಸೇರಿ, ಗಂಡಸರ ಅಳತೆಯ ಗಮ್ ಬೂಟು ಹಾಕಿಕೊಂಡು ಲಾರಿ ತೊಳೆಯಲು ನಿಂತಳು. ಇನ್ನೂ ಶಾಲೆಗೆ ಹೋಗುತ್ತಿದ್ದ ತಮ್ಮನನ್ನು ಸಾಕಿದಳು, ಅವನ ಜ್ವರಕ್ಕೆ ಎದ್ದು ಕುಳಿತಳು, ಫೇಲಾದಾಗ ಬೈದಳು, ಚಾಲನೆ ಕಲಿಸಿದಳು. ಕಡೆಗೆ ಯಾರ್ಯಾರದೋ ಕೈಕಾಲು ಹಿಡಿದು ಅದೇ ಅಂಗಳದಲ್ಲಿ ಗುತ್ತಿಗೆಯ ಮೇಲೆ ಟ್ಯಾಂಕರ್ ಓಡಿಸಲು ಸೇರಿಸಿದಳು. ಅಕ್ಕ ಬೆಂಕಿಯಾದರೆ ತಮ್ಮ ಬೆಣ್ಣೆ. ಯಾರು ಏನು ಹೇಳಿದರೂ "ಆಯ್ತಣ್ಣ" ಎನ್ನುವುದು ಅವನ ರೂಢಿ. ರಜೆಯ ದಿನ ಬಾ ಎಂದರೂ ಆಯ್ತಣ್ಣ, ಬೇರೆಯವನ ಪಾಳಿ ಮಾಡು ಎಂದರೂ ಆಯ್ತಣ್ಣ. ಹಾಗಾಗಿ ಅವನ ಹೆಸರೂ ಮರೆತುಹೋಗಿ ಅಂಗಳಕ್ಕೆಲ್ಲ ಅವನು ಆಯ್ತಣ್ಣನೇ ಆದ.

ಮದುವೆಯಾದ ಮೇಲೆ ಕೆಂಡಕ್ಕನಿಗೆ ತನ್ನ ಕೆಲಸದ ಇನ್ನೊಂದು ತುದಿ ಕಾಣಿಸಿತು. ಗಂಡ ಬೇಕರಿಯಲ್ಲಿ ಬ್ರೆಡ್ ಬೇಯಿಸುವವನು, ಮಾತು ಕಡಿಮೆ. ಮನೆ ನಡೆಯುತ್ತಿದ್ದುದು ಅತ್ತೆಯ ಮಾತಿನ ಮೇಲೆ. ಅತ್ತೆ ಊರಿನ ನಡುವೆ ಹರಿಯುವ ಕಾಲುವೆಯ ಕಲ್ಲುಗಳ ಮೇಲೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಹೆಂಗಸರ ಗುಂಪಿಗೆ ಹಿರಿಯಳು. ರಕ್ತ, ಕೀವು, ಔಷಧಿಯ ಕಲೆ, ಯಾವುದಕ್ಕೂ ಅಂಜದವಳು. ಎಲ್ಲವನ್ನೂ ಕುದಿಸಿ, ಕುಕ್ಕಿ, ಹಾಲಿನಂತೆ ಬೆಳ್ಳಗೆ ಮಾಡಿ ಹಗ್ಗದ ಮೇಲೆ ಹರವುತ್ತಿದ್ದಳು. ಅವಳ ಕೈಗೆ ಬಗ್ಗದಿದ್ದುದು ಒಂದೇ, ಆಯಿಲ್. ಕಾಲುವೆಯ ಸೇತುವೆಯ ಕೆಳಗೆ ಒಂದು ದಪ್ಪ ಸಿಮೆಂಟು ಕೊಳವೆ ಬಾಯಿ ತೆರೆದಿತ್ತು. ಆಗಾಗ ಅದರಿಂದ ನೀರಿನ ಮೇಲೆ ನವಿಲಿನ ಕತ್ತಿನ ಬಣ್ಣದ ಪೊರೆಯೊಂದು ತೇಲಿ ಬಂದು, ಒಗೆದಿಟ್ಟ ಬಟ್ಟೆಗೆ ಕಪ್ಪು ಗೆರೆ ಎಳೆದು ಹೋಗುತ್ತಿತ್ತು. ಆ ಕೊಳವೆಯ ಮೇಲ್ತುದಿ ಇದ್ದದ್ದು ನಗರಸಭೆಯ ಅಂಗಳದಲ್ಲಿ.

ಒಂದು ಸಂಜೆ ಸೊಸೆ ಕೆಲಸ ಮುಗಿಸಿ ಹೊಸ್ತಿಲು ದಾಟುತ್ತಿದ್ದಂತೆಯೇ ಅತ್ತೆ ಒದ್ದೆ ಹೊದಿಕೆಯೊಂದನ್ನು ಅವಳ ಕಾಲ ಬಳಿ ಎಸೆದಳು.

"ತಗೋ, ನಿಮ್ಮ ಆಫೀಸಿಂದ ಉಡುಗೊರೆ ಬಂದಿದೆ."

"ಅತ್ತೆ, ನಾನು ಬಿಟ್ಟಿದ್ದಲ್ಲ ಅದು. ನಾನು ದಿನಾ ಅವರ ಜೊತೆ ಜಗಳ ಆಡ್ತಾನೇ ಇದೀನಿ."

"ಆಡ್ತೀಯಂತೆ, ಊರೆಲ್ಲಾ ಹೇಳತ್ತೆ. ನೀನು ಗಂಟಲು ಹರ್ಕೊಂಡ್ರೆ ನೀರು ತಿಳಿಯಾಗತ್ತಾ?"

 ಆ ಮಾತು ನಿಜವಾದ್ದಕ್ಕೇ ಸೊಸೆಯ ಸಿಟ್ಟು ಇನ್ನಷ್ಟು ಏರಿತು. ಮರುದಿನ ಅಂಗಳದಲ್ಲಿ ಎದುರಿಗೆ ಸಿಕ್ಕವರಿಗೆಲ್ಲ ಅದರ ಬಿಸಿ ಮುಟ್ಟಿತು.

ಅಂಗಳದಲ್ಲಿ ಚರಂಡಿಗಳು ಎರಡು ಬಗೆ. ವಾಹನ ತೊಳೆಯುವ ಕಟ್ಟೆಯ ನೀರು ಒಂದು ಗುಂಡಿಗೆ ಇಳಿಯಬೇಕು. ಅಲ್ಲಿ ಆಯಿಲ್ ಮೇಲೆ ತೇಲಿ, ಕೆಸರು ಕೆಳಗೆ ಕುಳಿತು, ನಡುವಿನ ನೀರು ಒಳಚರಂಡಿಗೆ ಸೇರಿ, ಶುದ್ಧೀಕರಣದ ಘಟಕಕ್ಕೆ ಹೋಗಬೇಕು. ಇನ್ನೊಂದು ಗೇಟಿನ ಬಳಿ ಕಬ್ಬಿಣದ ಜಾಲರಿ ಹೊದ್ದ ಮಳೆನೀರಿನ ಚರಂಡಿ. ಅದಕ್ಕೆ ಗುಂಡಿಯೂ ಇಲ್ಲ, ಘಟಕವೂ ಇಲ್ಲ. ಬಿದ್ದದ್ದು ಬಿದ್ದಂತೆಯೇ ಕಾಲುವೆಗೆ. ಇದು ಗೊತ್ತಿಲ್ಲದವರು ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ಇಂಜಿನಿಯರ್ ಸಾಹೇಬರಿಗಂತೂ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಅವರೇ ವರ್ಷಕ್ಕೊಮ್ಮೆ ಎಲ್ಲರನ್ನೂ ಕೂರಿಸಿ, ಪರದೆಯ ಮೇಲೆ ಚಿತ್ರ ತೋರಿಸಿ ಪಾಠ ಮಾಡುತ್ತಿದ್ದರು: "ಚೆಲ್ಲಿದ್ದನ್ನ ನೀರು ಹಾಕಿ ತೊಳೀಬಾರದು. ಮೊದಲು ತಡೀಬೇಕು, ಆಮೇಲೆ ಹೀರಿಸ್ಬೇಕು, ಆಮೇಲೆ ಗುಡಿಸಿ ತುಂಬ್ಕೋಬೇಕು." ಜಾಲರಿಯ ಪಕ್ಕ ನೀಲಿ ಮೀನೊಂದನ್ನು ಬರೆಸಿ, "ಇಲ್ಲಿ ಸುರಿದದ್ದು ಕಾಲುವೆಗೆ" ಎಂದು ಅಡಿಯಲ್ಲಿ ಬರೆಸಿದವರೂ ಅವರೇ.

ಅವಳ ಹೊಟ್ಟೆ ಉರಿಯುತ್ತಿದ್ದುದೇ ಅದಕ್ಕೆ. ಗೊತ್ತಿಲ್ಲದೆ ಮಾಡುವವನಿಗೆ ಹೇಳಿಕೊಡಬಹುದು. ಗೊತ್ತಿದ್ದೂ ಮಾಡುವವನಿಗೆ ಏನು ಹೇಳುವುದು? ತೊಳೆಯುವ ಕಟ್ಟೆಯ ಗುಂಡಿ ಹೂಳು ತುಂಬಿ ಬಾಯಿ ಕಟ್ಟಿಕೊಂಡು ಬಹಳ ಕಾಲವಾಗಿತ್ತು. ಹೀರುವ ಯಂತ್ರ ಕೆಟ್ಟಿದೆ, ಮುಂದಿನ ವಾರ, ಮುಂದಿನ ತಿಂಗಳು ಎಂದು ಮಾತು ಉರುಳುತ್ತಿತ್ತು. ಅಷ್ಟರಲ್ಲಿ ಲಾರಿಗಳು ಗೇಟಿನ ಬಳಿಯೇ ಬಂದು, ಆ ನೀಲಿ ಮೀನಿನ ಬೆನ್ನ ಮೇಲೆಯೇ ಚಕ್ರ ನಿಲ್ಲಿಸಿ, ಮೈ ತೊಳೆಸಿಕೊಂಡು ಹೋಗುತ್ತಿದ್ದವು.

"ಸಾರ್, ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಆಯ್ತಲ್ಲ ಇದು" ಎಂದು ಅವಳು ಅವರ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ್ದೂ ಉಂಟು.

ಸಾಹೇಬರು ಕೆಟ್ಟವರಲ್ಲ, ಒಂದು ಕಾಲಕ್ಕೆ ಉತ್ಸಾಹಿಯೇ. ಆದರೆ ಈಗ ಬಡ್ತಿಯ ಹೊಸ್ತಿಲಲ್ಲಿದ್ದರು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ನೋಡಮ್ಮ, ನನಗೆ ಗೊತ್ತಿಲ್ವಾ? ಎಲ್ಲಾ ಒಂದೇ ಸಲ ಆಗಲ್ಲ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು.

"ನಾನು ಮಾಡ್ಕೋತೀನಿ ಸಾರ್. ಕಾಲುವೆಗೆ ಅಡ್ಜಸ್ಟ್ ಮಾಡ್ಕೊಳಕ್ಕೆ ಬರಲ್ವಲ್ಲ."

ಹೀಗಿರುವಾಗ ಮೇಲಿನ ಕಚೇರಿಯಿಂದ ಪರಿಶೀಲನೆಗೆ ಒಂದು ತಂಡ ಬರುತ್ತದೆಂದು ಸುದ್ದಿ ಬಂತು. ಅಂಗಳಕ್ಕೆ ಎಲ್ಲಿಲ್ಲದ ಚುರುಕು ಹುಟ್ಟಿತು. ಕಾಂಪೌಂಡಿಗೆ ಸುಣ್ಣ, ಗೇಟಿಗೆ ಬಣ್ಣ, ಮಾಸಿದ್ದ ಮೀನಿಗೂ ಹೊಸ ನೀಲಿ. ಗೋಡೆಯ ಪಕ್ಕ ತುಕ್ಕು ಹಿಡಿದು ನಿಂತಿದ್ದ ಹಳೇ ಆಯಿಲಿನ ಡ್ರಮ್ಮುಗಳನ್ನು ಶೆಡ್ಡಿನ ಹಿಂದಕ್ಕೆ ಮರೆಮಾಡಲು ಆಜ್ಞೆಯಾಯಿತು.

"ಸಾರ್, ಆ ಡ್ರಮ್ಮಿನ ತಳ ಹಪ್ಪಳ ಆಗಿದೆ. ಎತ್ತಿದ್ರೆ ಬಿಚ್ಕೊಳತ್ತೆ. ಮೊದಲು ಪಂಪ್ ಹಾಕಿ ಬೇರೆ ಡ್ರಮ್ಮಿಗೆ ತುಂಬಿಸೋಣ" ಎಂದಳು ಕೆಂಡಕ್ಕ.

"ಅದಕ್ಕೆಲ್ಲ ಹೊತ್ತಿಲ್ಲ. ಲೋಡರ್‌ನಲ್ಲಿ ಹುಷಾರಾಗಿ ಎತ್ತಿಸಿ."

ಲೋಡರಿನವನು ಹುಷಾರಾಗಿಯೇ ಎತ್ತಿದ. ಅಂಗಳದ ನಡುವೆ ಬರುತ್ತಿದ್ದಂತೆ ಒಂದು ಡ್ರಮ್ಮಿನ ತಳ ಕಳಚಿ, ಅದು ವಾಲಿ ಪಕ್ಕದ್ದನ್ನು ತಳ್ಳಿ, ಎರಡೂ ಧೊಪ್ಪೆಂದು ನೆಲಕ್ಕೆ ಬಿದ್ದು ಒಡೆದವು. ಕಪ್ಪು ಆಯಿಲ್ ಮೊದಲು ಅಲ್ಲೇ ಮಡುಗಟ್ಟಿತು. ಆಮೇಲೆ ಇಳಿಜಾರಿನ ದಾರಿ ಹುಡುಕಿಕೊಂಡು, ಏನೂ ಅವಸರವಿಲ್ಲದೆ ಗೇಟಿನ ಕಡೆಗೆ ಹೊರಟಿತು.

"ಎಲ್ಲಾ ಕೆಲಸ ಬಿಡ್ರೋ! ಮರಳಿನ ಚೀಲ ತನ್ನಿ!" ಎಂದು ಅವಳು ಕೂಗಿದ್ದು ಬೀದಿಗೆ ಕೇಳಿಸಿತು.

ಇಂಥ ಹೊತ್ತಿಗೆಂದೇ ಉಗ್ರಾಣದಲ್ಲಿ ಒಂದು ಹಳದಿ ಪೆಟ್ಟಿಗೆ ಇತ್ತು. ಆಯಿಲ್ ಹೀರುವ ದಿಂಡುಗಳು, ಹಾಳೆಗಳು, ಕೈಗವಸುಗಳು ಅದರಲ್ಲಿರಬೇಕು. ಉಗ್ರಾಣಕ್ಕೆ ಬೀಗ; ಬೀಗದ ಕೈ ಇದ್ದವನು ತಂಡಕ್ಕೆ ತಿಂಡಿ ತರಲು ಪೇಟೆಗೆ ಹೋಗಿದ್ದ. ಅವಳು ಕಾಯಲಿಲ್ಲ. ಚಕ್ರ ಬಿಚ್ಚುವ ಸಲಾಕೆ ತೂರಿಸಿ ಬೀಗ ಕಿತ್ತಳು. ಪೆಟ್ಟಿಗೆ ತೆರೆದರೆ ಒಳಗೆ ಒಂದು ಹರಿದ ಕೈಗವಸು, ಎರಡು ಖಾಲಿ ಬಿಸ್ಕತ್ತಿನ ಪೊಟ್ಟಣ. ಆಯಿಲ್ ಹೀರುವ ದಿಂಡು ಎಲ್ಲಿ ಎಂದು ನೋಡಿದರೆ, ಅದು ಉಗ್ರಾಣದವನ ಕುರ್ಚಿಯ ಬೆನ್ನಿಗೆ ಹೂವಿನ ಕವಚ ತೊಟ್ಟುಕೊಂಡು ದಿಂಬಾಗಿ ಕುಳಿತಿತ್ತು. ಹೀರುವ ಹಾಳೆಗಳು ಬಾಗಿಲಲ್ಲಿ ಕಾಲೊರೆಸುವ ಚಾಪೆಗಳಾಗಿದ್ದವು.

"ಇವನ ಬೆನ್ನು ಮುರಿಯಾ!" ಎಂದು ದಿಂಬನ್ನೇ ಹೊತ್ತುಕೊಂಡು ಓಡಿದಳು.

ದಿಂಬನ್ನೂ ಮರಳಿನ ಚೀಲಗಳನ್ನೂ ಆಯಿಲಿನ ದಾರಿಗೆ ಅಡ್ಡ ಹಾಕಿದರು. ಬಡಗಿಯ ಶೆಡ್ಡಿನಿಂದ ಮರದ ಹೊಟ್ಟು ತಂದು ಸುರಿದರು. ಲಾರಿಯೊಳಗೆ ಹಾಸುವ ದಪ್ಪ ರಬ್ಬರ್ ಚಾಪೆಯನ್ನು ಕೆಂಡಕ್ಕ ಜಾಲರಿಯ ಮೇಲೆ ಬಿಗಿಯಾಗಿ ಹಾಸಿ, ಅದು ಏಳದಂತೆ ಮೇಲೆ ಹತ್ತಿ ನಿಂತಳು. ಆಯಿಲ್ ಚಾಪೆಯ ಅಂಚಿನವರೆಗೂ ಬಂದು ನಿಂತಿತು. ಹೊಟ್ಟು ಅದನ್ನು ಕುಡಿದು ಕಪ್ಪಗೆ ಉಬ್ಬುತ್ತಿತ್ತು. ಇನ್ನೊಂದಷ್ಟು ಹೊಟ್ಟು, ನಾಲ್ಕು ಸಲಿಕೆ, ಸ್ವಲ್ಪ ಸಮಯ ಸಿಕ್ಕಿದ್ದರೆ ಎಲ್ಲವೂ ಅಂಗಳದೊಳಗೇ ಮುಗಿಯುತ್ತಿತ್ತು.

ಅಷ್ಟರಲ್ಲಿ ಸಾಹೇಬರು ಮೆಟ್ಟಿಲಿಳಿದು ಓಡಿ ಬಂದರು. ಕಿವಿಯಲ್ಲಿ ಫೋನು. ತಂಡದ ಕಾರುಗಳು ಆಗಲೇ ಊರೊಳಗೆ ಬಂದಿದ್ದವು.

"ಇದೇನಿದು ಹೊಟ್ಟು? ಅವರು ಬಂದು ಇದನ್ನ ನೋಡ್ಬೇಕಾ? ಸೋಪಿನ ಪುಡಿ ಹಾಕಿ! ಟ್ಯಾಂಕರ್ ತರ್ಸಿ, ಜೋರಾಗಿ ನೀರು ಬಿಟ್ಟು ತಳ್ಳಿಬಿಡಿ!"

"ಸಾರ್, ಪಾಠ ಹೇಳಿದ್ದು ನೀವೇ."

"ಈಗ ಪಾಠದ ಹೊತ್ತಲ್ಲ, ಸರೀರಿ ಪಕ್ಕಕ್ಕೆ!"

ಯಾರೋ ಸೋಪಿನ ಪುಡಿಯ ಚೀಲ ಹೊತ್ತು ತಂದರು. ಸೋಪು ಬೆರೆತರೆ ಆಯಿಲ್ ಹಾಲಿನಂತೆ ನೀರಿನಲ್ಲಿ ಕರಗಿ ಬೆರೆತುಬಿಡುತ್ತದೆ. ಆಮೇಲೆ ಅದನ್ನು ಯಾವ ದೇವರೂ ಹಿಡಿಯಲಾರ. ಅವಳು ನಿಂತಲ್ಲಿಂದಲೇ ಬಾಗಿ, ಚೀಲ ಕಸಿದು, ಕಾಂಪೌಂಡಿನ ಆಚೆಯ ಕಸದ ಗುಡ್ಡೆಗೆ ಬೀಸಿ ಒಗೆದಳು. ತಿರುಗಿ ನೋಡಿದರೆ ಎದುರಿಗೆ ಟ್ಯಾಂಕರ್. ಪೈಪು ಹಿಡಿದು ಇಳಿದವನು ಅವಳ ತಮ್ಮ.

"ಅಕ್ಕಾ, ಪಕ್ಕಕ್ಕೆ ಬಾ" ಎಂದ. ದನಿ ಇರಲಿಲ್ಲ, ಬರೀ ತುಟಿ ಅಲುಗಿತು.

"ಬರಲ್ಲ. ಆ ಪೈಪು ಕೆಳಗಿಡು."

"ಅಕ್ಕಾ, ಸಾಹೇಬರು ಹೇಳ್ತಿದಾರೆ…"

"ನಿನಗೆ ಅನ್ನ ಹಾಕಿದ್ದು ಸಾಹೇಬರಾ, ನಾನಾ?"

ಸಾಹೇಬರು ಹಿಂದಿನಿಂದ ಅವನ ಹೆಗಲ ಮೇಲೆ ಕೈಯಿಟ್ಟರು. ಜೋರು ಮಾಡಲಿಲ್ಲ, ಮೆಲ್ಲಗೇ ಅಂದರು: "ನಿನ್ನ ಕಾಯಂ ವಿಷಯ ನನ್ನ ಮೇಜಿನ ಮೇಲಿದೆ, ಗೊತ್ತಲ್ಲ? ಬಿಡು ನೀರು."

"ಆಯ್ತಣ್ಣ" ಎನ್ನುವ ಅಭ್ಯಾಸದ ನಾಲಿಗೆ ಅಲ್ಲಿಯೂ ತಪ್ಪಲಿಲ್ಲ. "ಆಯ್ತು ಸಾರ್" ಎಂದ. ಕಣ್ಣು ಮುಚ್ಚಿಕೊಂಡು ಕವಾಟ ತಿರುಗಿಸಿದ.

ನೀರು ಮೊದಲು ಅವಳ ಮೊಣಕಾಲಿಗೆ ಬಡಿಯಿತು, ಆಮೇಲೆ ಸೊಂಟಕ್ಕೆ. ಹೊಟ್ಟು ಕೊಚ್ಚಿ ಹೋಯಿತು, ಚೀಲಗಳು ಉರುಳಿದವು, ಚಾಪೆಯ ಅಂಚು ಎದ್ದಿತು. ಕಾಲ ಕೆಳಗೆ ಆಯಿಲ್ ಜಾರಿ ಅವಳು ಅಂಗಾತ ಬಿದ್ದಳು. ಬಿದ್ದವಳ ಪಕ್ಕದಲ್ಲೇ, ಕಿವಿಯ ಬಳಿಯಲ್ಲೇ, ಕಪ್ಪು ನೀರು ಜಾಲರಿಯೊಳಗೆ ಗುಳುಗುಳು ಎಂದು ಇಳಿಯುವ ಸದ್ದು ಕೇಳಿಸಿತು. ಅಷ್ಟು ಜನ ಸುತ್ತ ನಿಂತಿದ್ದರು. ಒಬ್ಬನಾದರೂ "ನಿಲ್ಲಿಸು" ಎನ್ನಲಿಲ್ಲ. ಅವಳನ್ನು ಎಬ್ಬಿಸಲು ಬಂದ ತಮ್ಮನ ಕೈಯನ್ನು ಅವಳು ಹಾವು ಮುಟ್ಟಿದವಳಂತೆ ಕೊಡವಿದಳು.

"ಮುಟ್ಟಬೇಡ ನನ್ನ."

ಎದ್ದು, ಟಯರ್ ಶೆಡ್ಡಿನವನ ಸ್ಕೂಟರ್ ಕೇಳದೆಯೇ ತೆಗೆದುಕೊಂಡು ಗೇಟು ದಾಟಿದಳು. ಕೊಳವೆ ಉದ್ದದ್ದು, ಊರೊಳಗೆ ಸುತ್ತಿ ಬಳಸಿ ಹೋಗುವಂಥದ್ದು. ನೀರಿಗಿಂತ ಮೊದಲು ತಲುಪಬಹುದು ಎನ್ನುವುದೊಂದೇ ಅವಳ ತಲೆಯಲ್ಲಿ. ಮೈಯಿಂದ ಆಯಿಲ್ ತೊಟ್ಟಿಕ್ಕುತ್ತಿದ್ದ ಹೆಂಗಸನ್ನು ನೋಡಿ ಬೀದಿಯ ಜನ ತಾವಾಗಿ ದಾರಿ ಬಿಟ್ಟರು.

ಕಾಲುವೆಯಲ್ಲಿ ಅತ್ತೆ ಮೊಣಕಾಲುದ್ದ ನೀರಿನಲ್ಲಿ ನಿಂತು ಜಾಲಿಸುತ್ತಿದ್ದಳು. ಆಗಷ್ಟೇ ಮುಗಿದಿದ್ದ ಹೊದಿಕೆಗಳು ಮೆಟ್ಟಿಲ ಮೇಲೆ ಬೆಳ್ಳಗೆ ಗುಡ್ಡೆಯಾಗಿದ್ದವು.

"ಅತ್ತೆ, ಎಲ್ಲರನ್ನೂ ಮೇಲೆ ಹತ್ಸಿ! ಬರ್ತಾ ಇದೆ! ಈ ಸಲ ಪೊರೆ ಅಲ್ಲ, ಡ್ರಮ್ಮುಗಟ್ಟಲೆ!"

ಅತ್ತೆ ಸೊಸೆಯನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಿದ್ಯಾ?"

"ಬೀಳ್ಸಿದ್ರು. ಅದು ಆಮೇಲೆ. ತೇಲೋದು ಏನಾದ್ರೂ ಬೇಕು, ಅಡ್ಡ ಕಟ್ಟಕ್ಕೆ. ಸೋಪು ಬೆರೆತಿಲ್ಲ, ಮೇಲೇ ತೇಲ್ತಾ ಬರತ್ತೆ. ಹಿಡಿಬಹುದು."

ಬ್ಲೀಚಿನ ಖಾಲಿ ಕ್ಯಾನುಗಳು ಮೆಟ್ಟಿಲ ಪಕ್ಕ ರಾಶಿ ಬಿದ್ದಿದ್ದವು. ಬಟ್ಟೆ ಒಣಗಿಸುವ ಹಗ್ಗ ಇತ್ತು. ಕ್ಯಾನುಗಳನ್ನು ಹಗ್ಗಕ್ಕೆ ಪೋಣಿಸಿದರೆ ತೇಲುತ್ತದೆ, ಆದರೆ ಸಂದುಗಳಲ್ಲಿ ಆಯಿಲ್ ನುಸುಳುತ್ತದೆ. ಸೊಸೆ ಅತ್ತಿತ್ತ ಬಟ್ಟೆ ಹುಡುಕುತ್ತಿದ್ದಳು. ಅತ್ತೆ ಆ ಬಿಳಿ ಗುಡ್ಡೆಯ ಕಡೆ ನೋಡಿದಳು. ಕಾಲುವೆಯ ಕೆಳಗೆ ತರಕಾರಿ ಹೊಲಗಳಿದ್ದವು, ಅದರಾಚೆ ಮಕ್ಕಳು ಈಜುವ ಮಡು.

"ಸುತ್ತು" ಎಂದಳು.

"ಅತ್ತೆ, ಅದು ಆಸ್ಪತ್ರೇದು."

"ನನಗೂ ಕಣ್ಣಿದೆ. ಸುತ್ತು ಅಂದ್ನಲ್ಲ!"

ಆ ಹೆಂಗಸರು ಕ್ಯಾನುಗಳ ಮೇಲೆ ಹೊದಿಕೆ ಸುತ್ತಿ, ಹಗ್ಗದಿಂದ ಬಿಗಿದು, ಕಾಲುವೆಯ ಈ ದಡದಿಂದ ಆ ದಡಕ್ಕೆ ಉದ್ದನೆಯ ಬಿಳಿ ಹೆಬ್ಬಾವೊಂದನ್ನು ಎಳೆದು ಕಟ್ಟಿದರು. ತುದಿ ಬಿಗಿಯುತ್ತಿದ್ದಂತೆಯೇ ಕೊಳವೆಯ ಬಾಯಿಂದ ಕಪ್ಪು ನಾಲಿಗೆ ಚಾಚಿತು. ಹೆಬ್ಬಾವು ಅದನ್ನು ತಡೆಯಿತು, ನೋಡನೋಡುತ್ತಿದ್ದಂತೆ ತಾನೂ ಕಪ್ಪಾಯಿತು. ಒಂದು ಸಾಲು ನೆನೆದು ಭಾರವಾದಾಗ ಹಿಂದೆ ಇನ್ನೊಂದು ಕಟ್ಟಿದರು. ಮಗ್ಗಿನಲ್ಲಿ, ಬೋಗುಣಿಯಲ್ಲಿ, ಮುಚ್ಚಳದಲ್ಲಿ ಮೇಲಿನ ಆಯಿಲ್ ಬಾಚಿ ಬಾಚಿ ಬಕೆಟ್ಟಿಗೆ ತುಂಬಿದರು. ಬಾಯಿಯೂ ಕೈಯಷ್ಟೇ ಓಡುತ್ತಿತ್ತು. ನಗರಸಭೆಯ ಏಳು ತಲೆಮಾರಿಗೆ ಅಂದು ಸಿಕ್ಕ ಬೈಗುಳ ಬರೆಯುವಂಥದ್ದಲ್ಲ. ಎಲ್ಲವನ್ನೂ ಹಿಡಿಯಲಾಗಲಿಲ್ಲ, ದಡದ ಹುಲ್ಲಿಗೆ ಕಪ್ಪು ಮೆತ್ತಿತು, ಒಂದಷ್ಟು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಆದರೆ ಹೊಲಗಳಿಗೆ ಹೋಗಲಿಲ್ಲ, ಮಡುವಿಗೂ ಇಳಿಯಲಿಲ್ಲ.

ಅದೇ ಹೊತ್ತಿಗೆ ಅಂಗಳದಲ್ಲಿ ಪರಿಶೀಲನೆಯ ತಂಡ ಒದ್ದೆ ನೆಲ ನೋಡಿ, "ಎಷ್ಟು ಸ್ವಚ್ಛವಾಗಿಟ್ಟಿದ್ದೀರಿ" ಎಂದು ಹೊಗಳಿ, ನೀಲಿ ಮೀನಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗಿತ್ತು.

ಮರುದಿನ ಕೆಂಡಕ್ಕನಿಗೆ ಅಮಾನತ್ತಿನ ಆದೇಶ ಬಂತು. ಸರ್ಕಾರಿ ಬೀಗ ಮುರಿದದ್ದು, ಮೇಲಧಿಕಾರಿಗೆ ಎದುರಾಡಿದ್ದು. ಆಯಿಲಿನ ಸುದ್ದಿಯೇ ಅದರಲ್ಲಿರಲಿಲ್ಲ. ಅದು ಅಷ್ಟಕ್ಕೇ ಮುಚ್ಚಿಹೋಗುತ್ತಿತ್ತೋ ಏನೋ. ಆದರೆ ಅತ್ತೆ ಹಾಳಾದ ಹೊದಿಕೆಗಳನ್ನು ಗಾಡಿಗೆ ಹೇರಿಕೊಂಡು ಆಸ್ಪತ್ರೆಗೆ ಹೋದಳು. "ನಮ್ಮ ಕೈಯಿಂದ ಹಾಳಾಯ್ತು, ಬೇಕಂತಲೇ ಮಾಡಿದ್ವಿ, ಯಾಕೆ ಅಂತ ಕೇಳಿ" ಎಂದು ಹಿರಿಯ ನರ್ಸಿನ ಮುಂದೆ ಎಲ್ಲ ಹೇಳಿದಳು. ಆ ನರ್ಸಮ್ಮ ಕೇಳಿಸಿಕೊಂಡು, ಅದೇ ಗಾಡಿಯ ಹಿಂದೆಯೇ ನಡೆದು ಆಯುಕ್ತರ ಕಚೇರಿಗೆ ಬಂದರು. ಆಯಿಲಿನ ನಾತ ಕಚೇರಿಯ ಮೆಟ್ಟಿಲು ಹತ್ತಿದ ಮೇಲೆ ವಿಚಾರಣೆ ನಡೆಸದೆ ಗತಿಯಿರಲಿಲ್ಲ.

ವಿಚಾರಣೆಯಲ್ಲಿ ಸಾಹೇಬರು ಹೇಳಿದ್ದು: ಟ್ಯಾಂಕರಿನವನು ತಿಳಿಯದೆ ನೀರು ಬಿಟ್ಟ. ತಮ್ಮನನ್ನು ಕರೆದು ಕೇಳಿದರು. ಅವನು ನೆಲ ನೋಡಿಕೊಂಡು, "ಹೌದು ಸಾರ್, ನಾನೇ ಬಿಟ್ಟೆ. ಯಾರೂ ಹೇಳಿಲ್ಲ" ಎಂದ. ಅಂಗಳದ ಉಳಿದವರು ತಾವು ಆ ಹೊತ್ತಿಗೆ ಊಟಕ್ಕೆ ಹೋಗಿದ್ದಾಗಿ ಹೇಳಿದರು. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತು; ಮೇಕೆ ಮೂತಿ ಒಡ್ಡಿಕೊಂಡು ನಿಂತಿತು. ಕಾಯಂ ಆಗುವ ಆಸೆಗೆ ಸುಳ್ಳು ಹೇಳಿದವನನ್ನು ವಾರ ಕಳೆಯುವುದರೊಳಗೆ ಕೆಲಸದಿಂದಲೇ ತೆಗೆದರು. ಸಾಹೇಬರು ಅವನ ಫೋನನ್ನೂ ಎತ್ತಲಿಲ್ಲ.

ಕೆಲಸ ಹೋದ ದಿನ ಸಂಜೆ ಅವನು ಅಕ್ಕನ ಮನೆಯ ಬಾಗಿಲಿಗೆ ಬಂದ. ಅವಳು ಒಳಗೆ ಕರೆಯಲಿಲ್ಲ.

"ಅಕ್ಕಾ, ಕೆಲಸ ಹೋಯ್ತು."

"ಹೋಗ್ಲಿ! ನೀನು ನನ್ನ ಮೇಲೆ ನೀರು ಬಿಟ್ಟೆಯಲ್ಲ, ಅದನ್ನ ನುಂಗ್ಕೊಂಡೆ. ಹೆದರಿಕೆ, ಹೊಟ್ಟೆಪಾಡು ಅಂದ್ಕೊಂಡೆ. ಆದ್ರೆ ಅಲ್ಲಿ ಕೂತು, ಕುರ್ಚಿ ಮೇಲೆ ಕೂತು, ಯಾರೂ ಹೇಳಿಲ್ಲ ಅಂದೆಯಲ್ಲೋ! ಅಷ್ಟು ಹೆಂಗಸ್ರು ಆ ಹೊಲಸಲ್ಲಿ ಸೊಂಟದವರೆಗೂ ನಿಂತಿದ್ರು. ಅವರ ಮುಖಕ್ಕೆ ಉಗುಳಿದೆ ನೀನು. ಅಪ್ಪ ಇದ್ದಿದ್ರೆ ನಿನ್ನ ಕಾಲು ಮುರೀತಿದ್ದ!"

ಅವನು ಅಳುತ್ತ ನಿಂತ. ಅಕ್ಕಪಕ್ಕದ ಕಿಟಕಿಗಳು ಒಂದೊಂದಾಗಿ ತೆರೆದವು. ಅವಳಿಗೆ ನಾಚಿಕೆ ಎನಿಸಲಿಲ್ಲ, ಕನಿಕರವೂ ಬರಲಿಲ್ಲ. ಒಳಗಿನಿಂದ ಅತ್ತೆ ಹೇಳಿದಳು: "ಬೈದಿದ್ದು ಸಾಕು, ಒಳಗೆ ಕರಿ. ಹಸ್ಕೊಂಡಿರೋನ ಕೈಲಿ ನಿಜ ಹೇಳ್ಸಕ್ಕಾಗಲ್ಲ."

ಊಟ ಬಡಿಸಿದವಳು ಅತ್ತೆ. ಅಕ್ಕ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಅವನು ಕೈ ತೊಳೆದು ಬಂದು, ಯಾರನ್ನೂ ನೋಡದೆ, "ನಾಳೆ ನನ್ನ ಕರ್ಕೊಂಡು ಹೋಗು" ಎಂದ.

ಮರುದಿನ ಆಯುಕ್ತರು ಜನರ ದೂರು ಕೇಳುವ ವೇಳೆಗೆ ಅವಳು ತಮ್ಮನ ಮಣಿಕಟ್ಟು ಹಿಡಿದು ಒಳಗೆ ನಡೆದಳು. ಹಿಂದೆ ಅತ್ತೆ, ಒಗೆಯುವ ಹೆಂಗಸರೆಲ್ಲ. ಸಾಹೇಬರೂ ಅಲ್ಲೇ ಇದ್ದರು. ತಮ್ಮನ ದನಿ ಮೊದಲು ಏಳಲಿಲ್ಲ. ಆಯುಕ್ತರು, "ಸ್ವಲ್ಪ ಜೋರಾಗಿ ಹೇಳಪ್ಪ" ಎಂದರು. ಅವನು ಸಾಹೇಬರ ಕಡೆ ಬೆರಳು ಮಾಡಿ ಹೇಳಿದ: "ಇವರು ಹೇಳಿದ್ರು. ಕಾಯಂ ಮಾಡಿಸ್ತೀನಿ ಅಂದ್ರು. ನಮ್ಮಕ್ಕ ಅಡ್ಡ ನಿಂತಿದ್ಲು. ನಾನು ಅವಳ ಮೇಲೇ ನೀರು ಬಿಟ್ಟೆ. ಮೊನ್ನೆ ಹೇಳಿದ್ದು ಸುಳ್ಳು."

ಸಾಹೇಬರು, "ಅಕ್ಕ ಹೇಳಿಕೊಟ್ಟಿದ್ದು ಇದು, ಸರ್" ಎಂದರು.

ಆಗ ಕೆಂಡಕ್ಕ ಹೊರಗಿನ ಪಡಸಾಲೆಯಿಂದ ಇಣುಕುತ್ತಿದ್ದ ಅಂಗಳದವರ ಕಡೆ ತಿರುಗಿದಳು. "ನೀವೆಲ್ಲಾ ಊಟಕ್ಕೆ ಹೋಗಿದ್ರಲ್ಲ? ಬೆಳಗಿನ ಹತ್ತು ಗಂಟೆಗೆ ಯಾವ ಮನೇಲ್ರೋ ಊಟ ಹಾಕ್ತಾರೆ? ನಿಮ್ಮ ಮಕ್ಕಳೂ ಆ ಮಡುವಲ್ಲೇ ಈಜೋದು!"

ಮೊದಲು ಲೋಡರಿನವನು ಒಳಗೆ ಬಂದ. "ಹೌದು ಸಾರ್, ಸಾಹೇಬರೇ ಹೇಳಿದ್ದು." ಅವನ ಹಿಂದೆ ಟಯರ್ ಶೆಡ್ಡಿನವನು. ಕೊನೆಗೆ ಉಗ್ರಾಣದವನೂ ಬಂದು, ತಾನು ತಿಂಡಿಗೆ ಹೋಗಿದ್ದೆ, ಬೀಗ ಒಡೆಯದೆ ಬೇರೆ ದಾರಿಯಿರಲಿಲ್ಲ ಎಂದು ಒಪ್ಪಿಕೊಂಡ. "ಪೆಟ್ಟಿಗೆ ಯಾಕೆ ಖಾಲಿ ಇತ್ತು?" ಎಂದು ಆಯುಕ್ತರು ಕೇಳಿದಾಗ ಸೊಂಟದ ಮೇಲೆ ಕೈಯಿಟ್ಟುಕೊಂಡು, "ನನಗೆ ಬೆನ್ನು ನೋವು ಸಾರ್" ಎಂದನಂತೆ. ಆ ಕೋಣೆಯಲ್ಲಿ ಅಂದು ನಗು ಬಂದದ್ದು ಅದೊಂದೇ ಸಲ. ಕೆಂಡಕ್ಕ ಆಗಲೂ ನಗಲಿಲ್ಲ.

ಅವಳ ಅಮಾನತು ರದ್ದಾಯಿತು. ಗುಂಡಿಯ ಹೂಳು ತೆಗೆಸಿದರು. ತೊಳೆಯುವುದೆಲ್ಲ ಕಟ್ಟೆಯ ಮೇಲೆಯೇ ಆಗಬೇಕೆಂದು ಗೇಟಿನ ಬಳಿಯ ನಲ್ಲಿಯನ್ನೇ ಕಿತ್ತುಹಾಕಿದರು. ಹಳೇ ಆಯಿಲಿಗೆ ಸೂರು, ಸುತ್ತ ಕಟ್ಟೆ ಬಂತು. ಹಳದಿ ಪೆಟ್ಟಿಗೆ ಈಗ ಅಂಗಳದ ನಡುವಿನ ಕಂಬಕ್ಕೆ, ಬೀಗವಿಲ್ಲದೆ. ಆಸ್ಪತ್ರೆಗೆ ಹೊಸ ಹೊದಿಕೆಗಳನ್ನು ನಗರಸಭೆಯೇ ಕೊಡಿಸಿತು. ಇಂಜಿನಿಯರ್ ಸಾಹೇಬರಿಗೆ ಶಿಕ್ಷೆಯೆಂದು ವರ್ಗಾವಣೆಯಾಯಿತು, ಕುಡಿಯುವ ನೀರಿನ ವಿಭಾಗಕ್ಕೆ. ಅದನ್ನು ಕೇಳಿದ ದಿನ ಅವಳು ಮನೆಯಲ್ಲಿ ಎರಡು ಪಾತ್ರೆ ಎತ್ತಿ ಕುಕ್ಕಿದ ಸದ್ದಿಗೆ, ಪಾಳಿ ಮುಗಿಸಿ ಮಲಗಿದ್ದ ಗಂಡ ಎದ್ದು ಕುಳಿತ.

ತಮ್ಮನಿಗೆ ಕೆಲಸ ವಾಪಸ್ ಸಿಗಲಿಲ್ಲ. ಸುಳ್ಳು ಹೇಳಿದ ಗುತ್ತಿಗೆಯವನನ್ನು ಮತ್ತೆ ತೆಗೆದುಕೊಳ್ಳಲು ನಿಯಮವಿಲ್ಲವಂತೆ. ಸುಳ್ಳು ಹೇಳಿಸಿದ ಕಾಯಂ ನೌಕರನಿಗೆ ಮಾತ್ರ ನಿಯಮ ಇತ್ತು. ಅವಳು ಅದಕ್ಕಾಗಿ ಬಾಗಿಲು ಬಾಗಿಲು ಅಲೆದಳು, ಎಲ್ಲೂ ಆಗಲಿಲ್ಲ. ಕಡೆಗೆ ಅತ್ತೆಯೇ ಅವನನ್ನು ಕರೆದು, ಆಸ್ಪತ್ರೆಯಿಂದ ಬಟ್ಟೆ ತರುವ, ಒಗೆದದ್ದನ್ನು ಮುಟ್ಟಿಸುವ ಹಳೇ ವ್ಯಾನಿನ ಕೀಲಿ ಕೊಟ್ಟಳು. ಬೆಳಗಿನಿಂದ ಅವನು ಕಾಲುವೆಯ ದಡದಲ್ಲೇ ಇರತೊಡಗಿದ. ಹೆಂಗಸರು ಮೊದಮೊದಲು ಅವನಿಗೆ ಕೇಳುವಂತೆಯೇ ಚುಚ್ಚಿ ಆಡುತ್ತಿದ್ದರು. ಅವನು ತಲೆತಗ್ಗಿಸಿ ಗಂಟು ಹೊರುತ್ತಿದ್ದ. ಅಕ್ಕ ಅವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅವಳ ಮನಸ್ಸಿನಲ್ಲಿ ಆ ನೀರಿನ ಏಟು ಇನ್ನೂ ಆರಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ಕೆಂಡಕ್ಕ ಅಂಗಳದಲ್ಲಿ ಹೊಸ ಚಾಲಕನೊಬ್ಬನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾಗ ಫೋನು ಬಂತು. ತಮ್ಮ. ಎತ್ತಿದ ಕೂಡಲೇ ಅವಳು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ಏನ್ ಮಾಡ್ತಿದೀರ ಅಲ್ಲಿ ಎಲ್ಲಾ? ಕಣ್ಣು ಮುಚ್ಕೊಂಡಿದೀರಾ? ನೀರು ಬೆಳ್ಳಗೆ ಬರ್ತಿದೆ ಇಲ್ಲಿ! ಬಣ್ಣ! ಯಾವ ಮುಠ್ಠಾಳ ಬಣ್ಣದ ಡಬ್ಬ ತೊಳೀತಿದಾನೆ? ಬೆಳಗ್ಗೆಯಿಂದ ಒಗೆದಿದ್ದೆಲ್ಲಾ ಮಣ್ಣುಪಾಲು!"

"ನಮ್ಮಲ್ಲಲ್ಲ ಕಣೋ…"

"ನಿಮ್ಮಲ್ಲಲ್ದಿದ್ರೆ ಇನ್ಯಾರದು ಅಂತ ಹುಡುಕು! ನಾನು ಈ ಕಡೆಯಿಂದ ಒಂದೊಂದೇ ಚರಂಡಿ ಮುಚ್ಚಳ ತೆಗೆದು ನೋಡ್ಕೊಂಡು ಬರ್ತೀನಿ. ನೀನು ಆ ಕಡೆಯಿಂದ ಬಾ. ಬೇಗ ಬಾ ಅಕ್ಕ, ನಿಂತ್ಕೊಂಡು ಮಾತಾಡ್ಬೇಡ!"

ಫೋನು ಕಟ್ಟಾಯಿತು. ಅವನು ಹುಟ್ಟಿದಂದಿನಿಂದ ಯಾರ ಮೇಲೂ ದನಿ ಏರಿಸಿದ್ದನ್ನು ಕೆಂಡಕ್ಕ ಕೇಳಿರಲಿಲ್ಲ. ಚಾಲಕ ಹೆದರುತ್ತಲೇ ಕೇಳಿದ, "ಯಾರಕ್ಕ ಅದು, ಅಷ್ಟು ಬೈತಿದ್ದು?"

"ನನ್ನ ತಮ್ಮ" ಎಂದಳು. ಹೇಳುವಾಗ ಅವಳ ಕತ್ತು ಸ್ವಲ್ಪ ನೆಟ್ಟಗಾಗಿತ್ತು. ಮುಚ್ಚಳ ಎತ್ತುವ ಕಬ್ಬಿಣದ ಕೊಕ್ಕೆ ಹೆಗಲಿಗೇರಿಸಿಕೊಂಡು, ಸೆರಗು ಸೊಂಟಕ್ಕೆ ಬಿಗಿದು, ಬೀದಿಗೆ ಇಳಿದಳು.